ಆಶ್ ತೊಟ್ಟಿನ ಅಣಬೆ ಮತ್ತು ನನ್ನ ಅರ್ಧ ಕಾಗದ

ಶುಕ್ರವಾರ ಮಧ್ಯಾಹ್ನ ಬಂಗುಡೆ ಸಾರಿಗೆ ಮಸಾಲೆ ರುಬ್ಬುತ್ತಿದ್ದಾಗ ಬಾಯಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಸ್ಟೀಲಿನ ಟಿಫಿನ್ ಡಬ್ಬಿ. ಅವರು ನಮ್ಮದೇ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಇನ್ನೂ ಮೂವರು ಹೆಂಗಸರ ಜೊತೆ ಒಂದು ಕೋಣೆಯಲ್ಲಿದ್ದರು. ಭಾನುವಾರ ಇಗರ್ಜಿಗೆ ಹೋಗಿ ಬರುವಾಗ ಕೆಲವೊಮ್ಮೆ ನಮ್ಮಲ್ಲಿಗೆ ಬಂದು ಒಂದು ಲೋಟ ಚಹಾ ಕುಡಿಯುವುದಿತ್ತು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ಇಬ್ಬರೂ ಸೇರುತ್ತಿದ್ದದ್ದು ಕನ್ನಡದಲ್ಲಿ.

"ಇದರಲ್ಲಿ ತಿಂಡಿ ಇಲ್ಲ, ಮುಚ್ಚಳ ತೆಗೆದು ನೋಡಿ" ಎಂದರು.

ಒಳಗೆ ಒದ್ದೆ ಟಿಶ್ಯೂ ಕಾಗದದ ಮೇಲೆ ಏಳೆಂಟು ಕಡ್ಡಿಗಳು. ಒಣಗಿದ ಎಲೆತೊಟ್ಟುಗಳು, ಸುಟ್ಟಂತೆ ಕಪ್ಪು. ಅವುಗಳ ಮೇಲೆ ಅಲ್ಲಲ್ಲಿ ಬಿಳಿಯ ಪುಟ್ಟ ಬಟ್ಟಲುಗಳು, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು, ಪ್ರತಿಯೊಂದಕ್ಕೂ ಒಂದು ಸಣ್ಣ ಕಾಲು.

ಬಾಯಮ್ಮ ಸೋಫಾದ ತುದಿಯಲ್ಲಿ ಕೂತು ವಿಷಯ ಹೇಳಿದರು. ಅವರು ಕ್ಲೀನಿಂಗ್ ಕೆಲಸ ಮಾಡುತ್ತಿದ್ದದ್ದು ಬಹರೈನಿನ ಅದ್ಲಿಯಾ ಪೇಟೆಯ ಒಂದು ಹೊಸ ಕೆಫೆಯಲ್ಲಿ. ಆ ಕೆಫೆಯ ಒಳಗೊಂದು ಕಾಡು ಮಾಡಿದ್ದರು. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು, ಒಳಗೆ ಮಂಜು ಕಕ್ಕುವ ಯಂತ್ರ, ಸ್ವೆಟರ್ ಬೇಕೆನ್ನಿಸುವ ಎ.ಸಿ., ನೆಲದಲ್ಲಿ ಯೂರೋಪಿನಿಂದ ಮೂಟೆಗಟ್ಟಲೆ ತರಿಸಿದ ಒಣ ಎಲೆಗಳ ಹಾಸು. ಜನ ಅದರ ನಡುವೆ ಕೂತು ಕಾಫಿ ಕುಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾರ್ಚಿನಲ್ಲಿ ಶುರುವಾದ ಕೆಫೆ ಜೂನಿನವರೆಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ಎಲೆಗಳ ನಡುವೆ ಈ ಬಿಳಿ ಬಟ್ಟಲುಗಳು ಎದ್ದವು. ಯಾರೋ ಗಿರಾಕಿ ಅದರ ಫೋಟೋ ತೆಗೆದು, ಇಲ್ಲಿ ಬೂಷ್ಟು ಬೆಳೆಯುತ್ತಿದೆ, ಇಲ್ಲಿ ತಿನ್ನಬೇಡಿ ಎಂದು ಮೊಬೈಲಿನಲ್ಲಿ ಹಾಕಿದ್ದರು.

"ಮುದೀರ್ ನನ್ನನ್ನು ಕರೆದ್ರು" ಎಂದರು ಬಾಯಮ್ಮ. ಇಲ್ಲಿ ಮ್ಯಾನೇಜರಿಗೆ ಎಲ್ಲರೂ ಹಾಗೇ ಹೇಳುತ್ತಾರೆ. "ಕೊಳಕು ಮಾಡಿ ಇಟ್ಟಿದ್ದಿ, ಸರಿ ಗುಡಿಸುದಿಲ್ಲ ಅಂದ್ರು. ಒಂದು ಕಾಗದಕ್ಕೆ ಸಹಿ ಹಾಕ್ಬೇಕಂತೆ. ನನ್ನ ತಪ್ಪಿಂದ ಆಯ್ತು ಅಂತ. ನಾನು ಹಾಕ್ಲಿಲ್ಲ. ಹತ್ತೊಂಬತ್ತು ವರ್ಷ ಆಯ್ತು ನಾನು ಈ ಊರಲ್ಲಿ. ಎಷ್ಟು ಮನೆ, ಎಷ್ಟು ಆಫೀಸು. ಕೊಳಕು ಅಂತ ಒಬ್ಬರೂ ಹೇಳಿಲ್ಲ ನನಗೆ."

ಅವರ ಸ್ವರ ಏರಲಿಲ್ಲ. ಸೀರೆಯ ಸೆರಗಿನಿಂದ ನಮ್ಮ ಟೀಪಾಯಿಯ ಮೇಲಿದ್ದ ನೀರಿನ ಒಂದು ಹನಿಯನ್ನು ಒರೆಸಿದರು. ತಾನು ಒರೆಸಿದ್ದು ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

"ನೀವು ಲ್ಯಾಬಲ್ಲಿ ಇರುದಲ್ವಾ. ಇದು ಎಂತ ಅಂತ ನೋಡಿ ಹೇಳಿ ಮಾರಾಯ್ರೆ. ಕೊಳಕಿಂದ ಬರುದಾ ಇದು?"

ನಾನು ಲ್ಯಾಬಿನಲ್ಲಿ ಇರುವುದು ನಿಜ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಮೂತ್ರ, ಮಲ, ರಕ್ತ ಪರೀಕ್ಷೆ ಮಾಡುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ಅದಕ್ಕೆ ಮೊದಲು ಮಂಗಳೂರಿನಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಕೊನೆಯ ವರ್ಷ ಪೂರ್ತಿ ಇಂಥ ಬಟ್ಟಲಣಬೆಗಳನ್ನೇ ನೋಡಿದ್ದೆ. ಮದುವೆಯಾಗಿ ಬಹರೈನಿಗೆ ಬಂದ ಮೇಲೆ ಅಣಬೆ ನೋಡುವವರು ಯಾರಿಗೂ ಬೇಡವೆಂದು ತಿಳಿಯಿತು. ಲ್ಯಾಬ್ ಟೆಕ್ನಿಶಿಯನ್ ಕೋರ್ಸ್ ಮಾಡಿ ಕೆಲಸ ಹಿಡಿದೆ. ಅದರ ಬಗ್ಗೆ ನನಗೆ ದುಃಖವೇನೂ ಇರಲಿಲ್ಲ, ಅಥವಾ ಇರಲಿಲ್ಲ ಎಂದುಕೊಂಡಿದ್ದೆ. ಮಿಕ್ಸಿಯಲ್ಲಿ ಅರ್ಧ ಅರೆದ ಮಸಾಲೆ ಹಾಗೇ ಇತ್ತು. ನಾನು ಭೂತಗನ್ನಡಿ ಹುಡುಕಲು ಹೋದೆ.

ಬಾಯಮ್ಮ ತನ್ನ ಫೋನಿನಲ್ಲಿ ಎಲೆಯ ಮೂಟೆಯ ಫೋಟೋ ಇಟ್ಟುಕೊಂಡಿದ್ದರು. ಜಾಣ ಹೆಂಗಸು. ಮೂಟೆಯ ಚೀಟಿಯಲ್ಲಿ ಆಶ್ ಎಂದಿತ್ತು. ಅದು ನಮ್ಮಲ್ಲಿಲ್ಲದ, ಚಳಿ ದೇಶಗಳ ದೊಡ್ಡ ಮರ. ಎಲೆ ನಮ್ಮ ಬೇವಿನ ಹಾಗೆ, ಒಂದೇ ಉದ್ದ ತೊಟ್ಟಿನ ಎರಡೂ ಬದಿಗೆ ಜೋಡಿ ಜೋಡಿ ಎಲೆಗಳು. ಡಬ್ಬಿಯ ಕಡ್ಡಿಗಳಲ್ಲೂ ಜೋಡಿ ಗುರುತುಗಳಿದ್ದವು.

ಮರುದಿನ ಕ್ಲಿನಿಕ್ಕಿನ ಡಾಕ್ಟರರನ್ನು ಕೇಳಿದೆ. ಊಟದ ಬಿಡುವಿನಲ್ಲಿ ಏನು ಬೇಕಾದರೂ ನೋಡು, ರೋಗಿಗಳ ಸ್ಲೈಡಿಗೆ ಮುಟ್ಟಿಸಬೇಡ ಎಂದರು. ನನ್ನ ಊಟದ ಡಬ್ಬಿ ಪಕ್ಕಕ್ಕಿಟ್ಟು ಒಂದು ಬಟ್ಟಲನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ ಸ್ಲೈಡಿನ ಮೇಲಿಟ್ಟೆ. ಮಲ ಪರೀಕ್ಷೆಗೆ ಬಳಸುವ ಅಯೋಡಿನ್ನೇ ಇದಕ್ಕೂ ಬೇಕು. ಒಂದು ಹನಿ ಹಾಕಿ ಮೇಲೆ ಕವರ್‌ಸ್ಲಿಪ್ ಮುಚ್ಚಿದೆ.

ಉದ್ದ ಚೀಲಗಳು ಒತ್ತೊತ್ತಾಗಿ ನಿಂತಿದ್ದವು. ಒಂದೊಂದರ ತುದಿಯಲ್ಲೂ ಒಂದು ನೀಲಿ ಚುಕ್ಕೆ, ಶಾಯಿ ಪೆನ್ನಿನ ಮೊನೆ ತಾಗಿಸಿದಷ್ಟೇ. ಒಳಗೆ ಎಂಟೆಂಟು ಬೀಜಕಣಗಳು, ಒಂದು ಕೊನೆ ಉರುಟು, ಇನ್ನೊಂದು ಕೊನೆ ಚೂಪು, ಉದ್ದ ಸುಮಾರು ಎರಡು ಕೆಂಪು ರಕ್ತಕಣ ಪಕ್ಕಪಕ್ಕ ಇಟ್ಟಷ್ಟು. ಇಪ್ಪತ್ತು ವರ್ಷಗಳಿಂದ ಕೀವಿನ ಕಣಗಳನ್ನು ಎಣಿಸಿದ ಕಣ್ಣು ಇದನ್ನು ಮರೆತಿರಲಿಲ್ಲ.

ಆದರೆ ಅಷ್ಟರಿಂದ ಹೆಸರು ಹೇಳಲು ಬರುವುದಿಲ್ಲ. ಆಶ್ ತೊಟ್ಟಿನ ಮೇಲೆ ಬರುವ, ನೋಡಲು ಒಂದೇ ತರಹದ ಎರಡು ಬಿಳಿ ಬಟ್ಟಲುಗಳಿವೆ. ಒಂದು ಯೂರೋಪಿನದೇ ಪಾಪದ್ದು, ಮರಕ್ಕೆ ತೊಂದರೆ ಕೊಡದೆ ಬಿದ್ದ ಎಲೆ ತಿಂದು ಬದುಕುವಂಥದ್ದು. ಇನ್ನೊಂದು ಹೊರಗಿನಿಂದ ಬಂದು ಯೂರೋಪಿನ ಆಶ್ ಮರಗಳನ್ನೇ ಕೊಲ್ಲುತ್ತಿರುವುದು. ಬರಿಗಣ್ಣಿಗೆ ಭೇದ ಇಲ್ಲ. ಬೀಜಕಣದಲ್ಲೂ ಇಲ್ಲ ಎನ್ನಬೇಕು. ಭೇದ ಇರುವುದು ಚೀಲದ ಬುಡದಲ್ಲಿ. ಪಾಪದ್ದರ ಚೀಲ ನೆಟ್ಟಗೆ ಎದ್ದಿರುತ್ತದೆ, ಕೊಲ್ಲುವುದರ ಚೀಲದ ಬುಡದಲ್ಲಿ ಒಂದು ಸಣ್ಣ ಕೊಕ್ಕೆ ಇರುತ್ತದೆ.

ಆ ಕೊಕ್ಕೆಗಾಗಿ ನನ್ನ ಮೂರು ದಿನದ ಊಟದ ಬಿಡುವು ಹೋಯಿತು. ಬುಡಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕವರ್‌ಸ್ಲಿಪ್ಪಿನ ಮೇಲೆ ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಬಿಡಿಸಬೇಕು. ಜೋರಾದರೆ ಎಲ್ಲ ಮುದ್ದೆ. ಚರ್ಮದ ಬೂಷ್ಟಿಗೆ ಬಳಸುವ ನೀಲಿ ಬಣ್ಣ ಹಾಕಿ, ಎಣ್ಣೆ ಹನಿಸಿ, ದೊಡ್ಡ ಲೆನ್ಸಿನಲ್ಲಿ ಹುಡುಕಿದೆ. ಎರಡು ದಿನ ಏನೂ ಕಾಣಲಿಲ್ಲ. ಮೂರನೇ ದಿನ ಒಂದು ಚೀಲ ಗುಂಪಿನಿಂದ ಬೇರೆಯಾಗಿ ಮಲಗಿತ್ತು. ಅದರ ಬುಡದಲ್ಲಿ, ಕೊಡೆಯ ಹಿಡಿಯ ಹಾಗೆ ಬಾಗಿದ ಒಂದು ಪುಟ್ಟ ಕೊಕ್ಕೆ. ಆಮೇಲೆ ಇನ್ನೊಂದು, ಮತ್ತೊಂದು. ನಾನು ಒಬ್ಬಳೇ ನಕ್ಕೆ. ಇಡೀ ಈ ಕಥೆಯಲ್ಲಿ ನಾನು ಸಂತೋಷಪಟ್ಟದ್ದು ಆ ಹತ್ತು ನಿಮಿಷ ಮಾತ್ರ.

ಹೆಸರು ಗೊತ್ತಾದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಎಲೆ ಮರದ ಮೇಲೆ ಹಸಿರಾಗಿರುವಾಗಲೇ ಈ ಅಣಬೆ ಅದರ ಒಳಹೊಕ್ಕಿರುತ್ತದೆ. ಎಲೆ ಬಿದ್ದ ಮೇಲೆ ತೊಟ್ಟಿಗೆ ಕಪ್ಪು ಚರ್ಮ ಕಟ್ಟಿ, ಒಳಗೇ ಕೂತು ಚಳಿಗಾಲ ಕಳೆಯುತ್ತದೆ. ಒಣಗಿಸಿದರೂ ಸಾಯುವುದಿಲ್ಲ. ಬೇಸಿಗೆಯಲ್ಲಿ ತಂಪು, ತೇವ ಸಿಕ್ಕಿದರೆ ಬಟ್ಟಲುಗಳು ಹೊರಬರುತ್ತವೆ. ಅಂದರೆ ಇದು ಬಂದದ್ದು ತೊಟ್ಟಿನ ಒಳಗೆ ಕೂತುಕೊಂಡೇ. ಬಾಯಮ್ಮ ದಿನಕ್ಕೆ ಹತ್ತು ಸಲ ಗುಡಿಸಿದ್ದರೂ ಬರುತ್ತಿತ್ತು. ಮನುಷ್ಯರಿಗೆ ಇದರಿಂದ ಏನೂ ಆಗುವುದಿಲ್ಲ.

ಹಿದ್ ಬಂದರಿನಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಇದನ್ನೆಲ್ಲ ಹೇಳಿದೆ. ಅವರು ಟಿ.ವಿ.ಯಿಂದ ಕಣ್ಣು ತೆಗೆಯದೆ, "ಇಲ್ಲಿ ಆಶ್ ಮರ ಎಷ್ಟುಂಟು?" ಎಂದರು.

"ಒಂದೂ ಇಲ್ಲ."

"ಹಾಗಾದ್ರೆ ಆ ರೋಗ ತಗೊಂಡು ನಿನಗೆ ಎಂತ ಮಾಡ್ಲಿಕ್ಕುಂಟು? ಅವ ನಮ್ಮ ಊರಿನವ. ನಾಳೆ ಸಂಘದಲ್ಲಿ ಮುಖ ನೋಡ್ಬೇಕು."

ಆ ಮ್ಯಾನೇಜರ್ ನಮ್ಮ ಕಡೆಯವನೇ. ನಮ್ಮ ಕನ್ನಡಿಗರ ಕೂಟದ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿದು ಸ್ವಾಗತ ಕೋರುವವನು. ನನಗೆ ಆಗಿನ್ನೂ ಅವನ ಮೇಲೆ ಕೋಪ ಇರಲಿಲ್ಲ. ವಿಷಯ ಗೊತ್ತಿಲ್ಲದೆ ಬೈದಿದ್ದಾನೆ, ಗೊತ್ತಾದರೆ ಸರಿಹೋಗುತ್ತಾನೆ ಎಂದುಕೊಂಡು ಕೆಫೆಗೆ ಹೋದೆ.

"ಬನ್ನಿ ಅಕ್ಕ, ಬನ್ನಿ" ಎಂದು ಎದ್ದು ಬಂದ. ಒಳ್ಳೆಯ ಮೇಜು ಕೊಟ್ಟ, ಕೇಳದೆ ಕಾಫಿ ತರಿಸಿದ. ಫೋನಿನಲ್ಲಿ ನಾನು ತೋರಿಸಿದ ಫೋಟೋಗಳನ್ನೆಲ್ಲ ನೋಡಿದ. ಅರ್ಥವಾಗದವನ ಹಾಗೆ ನೋಡಲಿಲ್ಲ, ಪ್ರಶ್ನೆ ಕೇಳಿದ, ಸರಿಯಾದ ಪ್ರಶ್ನೆಗಳನ್ನೇ ಕೇಳಿದ.

"ಅಂದ್ರೆ ಎಲೆ ಬರುವಾಗಲೇ ಇತ್ತು."

"ಹೌದು."

"ಬಿಸಿ ಮಾಡಿ ಸಾಯಿಸಿದ ಎಲೆ ತಗೊಂಡಿದ್ರೆ?"

"ಬಹುಶಃ ಬರ್ತಿರಲಿಲ್ಲ."

ಅವನು ಫೋನನ್ನು ನನ್ನ ಕಡೆ ಸರಿಸಿದ. ಆ ಪ್ರಶ್ನೆಯ ಅರ್ಥ ನನಗೆ ಆಗಲೇ ಆಗಬೇಕಿತ್ತು. ಬಿಸಿ ಮಾಡದ ಎಲೆ ಸಾಕೆಂದು ಆರಿಸಿದವನು ಅವನೇ ಎಂದು ಆಮೇಲೆ ತಿಳಿಯಿತು.

"ಅಕ್ಕ, ನಿಮ್ಮಿಂದ ಒಂದು ಉಪಕಾರ. ಇದನ್ನು ಒಂದು ಕಾಗದದಲ್ಲಿ ಬರೆದುಕೊಡಿ. ಆದ್ರೆ ಮರದ ರೋಗ, ಯೂರೋಪ್, ಅದೆಲ್ಲ ಬೇಡ. ಮುನ್ಸಿಪಾಲಿಟಿಯವರು ಓದಿದ್ರೆ ಹೆದರ್ತಾರೆ. ಇದು ಸಣ್ಣ ಅಣಬೆ, ಜನರಿಗೆ ಅಪಾಯ ಇಲ್ಲ, ತೇವ ಜಾಸ್ತಿ ಆದಾಗ ಬರ್ತದೆ. ಇಷ್ಟೇ ಸಾಕು. ಎಲ್ಲ ಸತ್ಯವೇ ಅಲ್ವಾ?"

"ಬಾಯಮ್ಮನ ವಿಷಯ?"

"ಅದು ನನಗೆ ಬಿಡಿ. ನಮ್ಮೂರಿನ ಹೆಂಗಸನ್ನು ನಾನು ಬಿಟ್ಟು ಹಾಕ್ತೇನಾ?"

ನಾನು ಬರೆದೆ. ಅವನ ಪೆನ್ನಿನಿಂದಲೇ, ಅವನ ಕಾಗದದ ಮೇಲೆಯೇ, ಇಂಗ್ಲಿಷಿನಲ್ಲಿ ಮೂರು ವಾಕ್ಯ. ಕೆಳಗೆ ಸಹಿ, ಸಹಿಯ ಕೆಳಗೆ ಎಂ.ಎಸ್ಸಿ. ಎಂದೂ ಬರೆದೆ. ಆ ಮೂರು ಅಕ್ಷರ ಬರೆಯದೆ ಎಷ್ಟೋ ವರ್ಷವಾಗಿತ್ತು. ಬರೆಯುವಾಗ ಹೆಮ್ಮೆಯೂ ಆಗಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ವಾರ ಕಳೆದು ಬಾಯಮ್ಮ ಬಂದರು. ಈ ಸಲ ಒಳಗೆ ಬರಲಿಲ್ಲ, ಹೊಸಿಲಿನಾಚೆ ನಿಂತರು. ಕೈಯಲ್ಲಿ ಒಂದು ಜೆರಾಕ್ಸ್ ಪ್ರತಿ.

"ಇದು ನೀವು ಬರೆದದ್ದಾ?"

ನನ್ನದೇ ಅಕ್ಷರ. ಮೂರನೇ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿತ್ತು. ತೇವ ಹೆಚ್ಚಾದಾಗ ಈ ಅಣಬೆ ಹೊರಬರುತ್ತದೆ. ಅದಕ್ಕೆ ಇನ್ನೊಂದು ಕಾಗದ ಪಿನ್ ಮಾಡಿತ್ತು. ಕೆಲಸದಾಕೆ ಎಲೆಗಳಿಗೆ ಬೇಕಾಬಿಟ್ಟಿ ನೀರು ಚಿಮುಕಿಸಿ, ಸ್ವಚ್ಛತೆ ಕಾಪಾಡದೆ ಅಣಬೆ ಬೆಳೆಯಲು ಬಿಟ್ಟಿದ್ದಾಳೆ, ತಜ್ಞರ ವರದಿ ಜೊತೆಗಿದೆ, ಅವಳನ್ನು ಕೆಲಸದಿಂದ ತೆಗೆದು ವೀಸಾ ರದ್ದು ಮಾಡಲಾಗುವುದು ಎಂದು ಅದರಲ್ಲಿತ್ತು. ತಜ್ಞರು ಎಂದರೆ ನಾನು.

"ನೀವು ನೀರು ಹಾಕ್ತಿದ್ರಾ ಬಾಯಮ್ಮ?"

"ನಾನು ಯಾಕೆ ನೀರು ಹಾಕ್ತೇನೆ? ಆ ಮಂಜಿನ ಮಿಶಿನ್ ಮೇಲೆ ಸೀಲಿಂಗಲ್ಲುಂಟು. ಬೀಗ ಹಾಕಿದ ಡಬ್ಬದೊಳಗೆ ಅದರ ಟೈಮರ್. ಕೀ ಮುದೀರ್ ಹತ್ರ. ಎಷ್ಟು ನೀರು ಬಿಡ್ಬೇಕು ಅಂತ ಇಡುದು ಅವರೇ. ನಾನು ಟಿಶ್ಯೂ ಹೆಕ್ಕುದು, ಗುಡಿಸುದು, ಅಷ್ಟೇ." ಆಮೇಲೆ ನನ್ನ ಮುಖ ನೋಡಿ ಹೇಳಿದರು, "ನೀವು ಬರೆದದ್ದು ಸುಳ್ಳಲ್ಲ ಅಂತ ನನಗೆ ಗೊತ್ತುಂಟು. ಆದ್ರೆ ಬರೆಯುವ ಮೊದಲು ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತು."

ಅವರು ಮೆಟ್ಟಿಲು ಹತ್ತಿ ಹೋದರು. ನಾನು ಬಾಗಿಲು ಹಿಡಿದುಕೊಂಡೇ ನಿಂತೆ. ಚೀಲದ ಬುಡದ ಕೊಕ್ಕೆಗಾಗಿ ಮೂರು ದಿನ ಊಟ ಬಿಟ್ಟವಳು, ನೀರು ಬಿಡುವುದು ಯಾರು ಎಂದು ಒಂದು ಮಾತೂ ಕೇಳಿರಲಿಲ್ಲ. ಅವನು ನನ್ನಿಂದ ಸುಳ್ಳು ಬರೆಸಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆಣಕಿತು. ಸುಳ್ಳು ಬರೆಸಿದ್ದರೆ ನಾನು ಎದ್ದು ಬರುತ್ತಿದ್ದೆ. ಸತ್ಯದಲ್ಲಿ ತನಗೆ ಬೇಕಾದ ತುಂಡು ಯಾವುದೆಂದು ಅವನಿಗೆ ಗೊತ್ತಿತ್ತು. ಅದನ್ನು ಕತ್ತರಿಸಿ ಕೊಟ್ಟವಳು ನಾನು.

ಅವನಿಗೆ ಫೋನ್ ಮಾಡಿದೆ. "ಅಕ್ಕ, ಈಗ ಮೀಟಿಂಗಲ್ಲಿದ್ದೇನೆ" ಎಂದು ಇಟ್ಟ. ಮತ್ತೆ ಮಾಡಿದೆ, ಎತ್ತಲಿಲ್ಲ.

ಆ ಸಂಜೆ ಬಿಳಿ ಹಾಳೆಗಳನ್ನು ತೆಗೆದುಕೊಂಡು ಕೂತೆ. ಮೊದಲಿನಿಂದ ಎಲ್ಲ ಬರೆದೆ. ತೊಟ್ಟು ಯಾವ ಮರದ್ದು, ಅಣಬೆ ಯಾವುದು, ಅದು ಎಲ್ಲಿಂದ ಯಾವಾಗ ಒಳಹೊಕ್ಕಿತು, ಗುಡಿಸುವುದರಿಂದ ಯಾಕೆ ಹೋಗುವುದಿಲ್ಲ, ತೇವ ಎಲ್ಲಿಂದ ಬಂತು, ಆ ಯಂತ್ರದ ಕೀ ಯಾರ ಬಳಿ ಇದೆ. ಬಟ್ಟಲು, ಚೀಲ, ಬೀಜಕಣ, ಕೊಕ್ಕೆ ಎಲ್ಲವನ್ನೂ ಪೆನ್ಸಿಲಿನಲ್ಲಿ ಬಿಡಿಸಿದೆ. ಮೊದಲು ಕೊಟ್ಟ ಕಾಗದ ಅಪೂರ್ಣ, ಅದನ್ನು ಹಿಂದೆ ತೆಗೆದುಕೊಂಡಿದ್ದೇನೆ ಎಂದು ಕೊನೆಗೆ ಬರೆದೆ. ಗಂಡ ಬಂದು ಹಿಂದೆ ನಿಂತು ಓದಿದರು.

"ಇದನ್ನು ಕೊಡ್ತೀಯಾ?"

"ಕೊಡ್ತೇನೆ."

"ನಿನ್ನ ಕ್ಲಿನಿಕ್ಕಿಗೆ ಏನಾದ್ರೂ ಕಂಪ್ಲೇಂಟ್ ಹೋದ್ರೆ?"

"ಹೋಗ್ಲಿ" ಎಂದೆ. ಅವರು ಟಿ.ವಿ.ಯ ಕಡೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು, ಹೂವಿನ ಜೊತೆ ತಂಪು ಕಂಟೇನರಿನಲ್ಲಿ ಇಂಥ ಎಲೆ ಬರುವುದನ್ನು ತಾನು ನೋಡಿದ್ದೇನೆ, ಬೇಕಾದರೆ ಅದನ್ನೂ ಬರೆ ಎಂದರು. ಬರೆದೆ.

ಕೆಫೆಯ ಒಡತಿ ಇಲ್ಲಿಯವರೇ, ವಯಸ್ಸಾದ ಹೆಂಗಸು. ಗುರುವಾರ ಬೆಳಿಗ್ಗೆ ಬಂದು ಮೂಲೆಯ ಮೇಜಿನಲ್ಲಿ ಕೂರುತ್ತಾರೆ ಎಂದು ಬಾಯಮ್ಮನ ಕೋಣೆಯವರಿಂದ ತಿಳಿದುಕೊಂಡೆ. ಗುರುವಾರ ಅರ್ಧ ದಿನ ರಜೆ ಹಾಕಿ ಹೋದೆ. ನನ್ನನ್ನು ಕಂಡು ಮ್ಯಾನೇಜರ್ ಕೌಂಟರಿನಿಂದ ಓಡಿ ಬಂದ.

"ಅಕ್ಕ, ಆ ಕಡೆ ಬನ್ನಿ, ನಾವು ಮಾತಾಡುವ."

"ನಿಮ್ಮ ಹತ್ರ ನನ್ನ ಮಾತು ಮುಗೀತು" ಎಂದು ನೇರ ಒಡತಿಯ ಬಳಿ ಹೋಗಿ ಸಲಾಂ ಹೇಳಿದೆ. ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಕೂರಲು ಹೇಳಿದರು. ಕನ್ನಡಕ ಹಾಕಿಕೊಂಡು ನನ್ನ ಹಾಳೆಗಳನ್ನು ಒಂದೊಂದಾಗಿ ಓದಿದರು. ಚಿತ್ರಗಳ ಮೇಲೆ ಬೆರಳಿಟ್ಟು, ಇದೇನು, ಇದೇನು ಎಂದು ಕೇಳಿದರು. ನೆಲದಿಂದ ಒಂದು ತೊಟ್ಟು ಹೆಕ್ಕಿ ಕೊಟ್ಟೆ. ಭೂತಗನ್ನಡಿ ಕೊಟ್ಟೆ. ತುಂಬ ಹೊತ್ತು ನೋಡಿದರು.

ಆಮೇಲೆ ಕೇಳಿದರು, "ಇಷ್ಟು ಗೊತ್ತಿದ್ದೂ ಮೊದಲು ಯಾಕೆ ಮೂರೇ ವಾಕ್ಯ ಬರೆದೆ?"

"ಇವರು ಕೇಳಿದಷ್ಟೇ ಬರೆದೆ. ಅದು ನನ್ನ ತಪ್ಪು" ಎಂದೆ.

ಅವರು ಮ್ಯಾನೇಜರ್ ಕಡೆ ತಿರುಗಿ ಮಂಜಿನ ಯಂತ್ರದ ಕೀ ಎಲ್ಲಿ ಎಂದು ಕೇಳಿದರು. ಅವನು ಏನೋ ಹೇಳಲು ಹೊರಟ. ಅವರು ಅಂಗೈ ಚಾಚಿ ಹಾಗೇ ಕೂತರು. ಅವನು ಜೇಬಿನಿಂದ ಕೀ ತೆಗೆದು ಆ ಅಂಗೈಯಲ್ಲಿಟ್ಟ.

"ಖಲಾಸ್" ಎಂದರು. ಮುಗಿಯಿತು. ಬಾಯಮ್ಮನ ಮೇಲಿನ ಕಾಗದವನ್ನು ತರಿಸಿ ಹರಿದು ಹಾಕಿದರು. ಅವಳು ನಾಳೆಯಿಂದ ಕೆಲಸಕ್ಕೆ ಬರಲಿ, ಈ ಎಲೆಗಳನ್ನೆಲ್ಲ ತೆಗೆಸಿ ಎಂದು ಹೇಳಿ, ನನಗೆ ಕಾಫಿ ಬೇಕೇ ಎಂದು ಕೇಳಿದರು. ಬೇಡ ಎಂದೆ. ಮ್ಯಾನೇಜರಿಗೆ ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಅವನ ಮೇಲೆ ಯಾವ ಕಾಗದವೂ ಆಗಲಿಲ್ಲ. ಒಬ್ಬಳು ಹೆಂಗಸನ್ನು ದೇಶ ಬಿಡಿಸಲು ಹೊರಟವನು ಮರುಕ್ಷಣವೇ ಇನ್ನೊಂದು ಮೇಜಿಗೆ ಹೋಗಿ ನಗುತ್ತ ಮೆನು ಕೊಡುತ್ತಿದ್ದ. ಬಾಗಿಲು ದೂಡಿ ಹೊರಗೆ ಬಂದಾಗ ಆ ಬಿಸಿಲಿನ ಹೊಡೆತಕ್ಕಿಂತ ಅದೇ ನನಗೆ ಹೆಚ್ಚು ತಾಗಿತು.

ಬಾಯಮ್ಮನಿಗೆ ಸುದ್ದಿ ಹೇಳಲು ಮೂರನೇ ಮಾಳಿಗೆ ಹತ್ತಿದೆ. ಅವರು ಬಟ್ಟೆ ಮಡಚುತ್ತಿದ್ದರು. ಪೂರ್ತಿ ಕೇಳಿದರು.

"ಆ ಕಾಗದ ಹರಿದ್ರಾ?"

"ಹರಿದ್ರು. ನನ್ನೆದುರೇ."

"ಅಷ್ಟು ಸಾಕು. ನಾನು ಅಲ್ಲಿಗೆ ಪುನಃ ಹೋಗುದಿಲ್ಲ. ಕೊಳಕು ಅಂತ ಹೇಳಿದ ಜಾಗದಲ್ಲಿ ಹೇಗೆ ಗುಡಿಸುದು?"

ನಾನು ಒತ್ತಾಯ ಮಾಡಲಿಲ್ಲ. ಒಂದು ತಿಂಗಳಾಗುವಾಗ ಅವರು ಬೇರೆ ಕಡೆಗೆ ವೀಸಾ ಬದಲಿಸಿಕೊಂಡರು, ಸಣ್ಣ ಮಕ್ಕಳ ಒಂದು ಶಾಲೆಗೆ. ನಮ್ಮ ಕಟ್ಟಡದಿಂದಲೂ ಹೋದರು. ಹೋಗುವ ದಿನ ನನಗೆ ಹೇಳಿ ಹೋದರು, ಆದರೆ ಚಹಾಕ್ಕೆ ಕೂರಲಿಲ್ಲ. ಈಗ ಹಬ್ಬಕ್ಕೆ ಮೆಸೇಜ್ ಮಾಡುತ್ತಾರೆ, ನಾನೂ ಮಾಡುತ್ತೇನೆ. ನಡುವೆ ಏನೋ ಒಂದು ತೆಳ್ಳಗಿನದು ಉಳಿದಿದೆ. ಅದು ಅವರ ತಪ್ಪಲ್ಲ.

ಮರ ಕೊಲ್ಲುವ ಅಣಬೆ ಹೀಗೆ ಮೂಟೆಯಲ್ಲಿ ದೇಶ ದೇಶ ಸುತ್ತುತ್ತಿದೆ ಎಂದು ಸಂಬಂಧಪಟ್ಟವರಿಗೆ ಒಂದು ಪತ್ರವನ್ನೂ ಬರೆದೆ. ಇಲ್ಲಿ ಆ ಮರ ಇಲ್ಲವಾದ್ದರಿಂದ ಚಿಂತೆ ಬೇಡ, ಧನ್ಯವಾದಗಳು ಎಂದು ವಿನಯದಿಂದ ಉತ್ತರ ಬಂತು. ನನ್ನ ಗಂಡ ಟಿ.ವಿ. ನೋಡುತ್ತ ಹೇಳಿದ ಮಾತೇ ಅದು. ಕೆಫೆಯಲ್ಲಿ ಈಗ ಪ್ಲಾಸ್ಟಿಕ್ಕಿನ ಜರೀಗಿಡಗಳಿವೆಯಂತೆ. ನಾನು ಹೋಗಿ ನೋಡಿಲ್ಲ.

ನವೆಂಬರಿನಲ್ಲಿ ರಾಜ್ಯೋತ್ಸವದ ಊಟಕ್ಕೆ ಎಲ್ಲ ಸೇರಿದ್ದೆವು. ಮೈಕ್ ಹಿಡಿದವನು ಅವನೇ. ತಾಯ್ನುಡಿ, ಪರದೇಶದಲ್ಲಿ ಒಬ್ಬರಿಗೊಬ್ಬರು ಆಸರೆ ಎಂದೆಲ್ಲ ಮಾತಾಡಿದ, ಜನ ಚಪ್ಪಾಳೆ ತಟ್ಟಿದರು. ಊಟದ ಸಾಲಿನಲ್ಲಿ ನನ್ನ ಪಕ್ಕ ಬಂದು, ಏನೂ ಆಗದವನ ಹಾಗೆ, "ಹೇಗಿದ್ದೀರಿ ಅಕ್ಕ?" ಎಂದ.

ನಾನು ಪ್ಲೇಟ್ ಹಿಡಿದುಕೊಂಡು ಮುಂದೆ ಹೋದೆ. ಹಿಂದಿದ್ದ ಹೆಂಗಸರು ನೋಡಿದರು. ಕಾರಿನಲ್ಲಿ ಗಂಡ, "ಒಂದು ಮಾತು ಹೇಳಿದ್ರೆ ಏನಾಗ್ತಿತ್ತು, ಎಲ್ಲರೂ ನಿನಗೆ ಅಹಂಕಾರ ಅಂತಾರೆ" ಎಂದರು.

"ಅನ್ಲಿ" ಎಂದೆ.